ಲಿಸ್ಬನ್‌ನಿಂದ ಮಾರ್ಟಳ್ಳಿಗೆ: ಪೋಪರ ರಾಯಭಾರಿಗಳ ಕೆಲಸ ಬದಲಾದ ಬಗೆ

ಕೊಳ್ಳೇಗಾಲಕ್ಕೂ ಯಳಂದೂರಿಗೂ ಇರುವ ದೂರ ಇಪ್ಪತ್ತು ಕಿಲೋಮೀಟರಿನೊಳಗೆ. ಆದರೂ ಟಿಪ್ಪುವಿನ ಪತನದ ನಂತರ 1956ರವರೆಗೆ ಇವೆರಡರ ಆಡಳಿತ ಬೇರೆಬೇರೆಯಾಗಿಯೇ ನಡೆಯಿತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಯಿತು. ಇಂದಿನ ಹನೂರನ್ನೂ ಒಳಗೊಂಡ ಕೊಳ್ಳೇಗಾಲ, ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತು. ಆದರೆ ಮಾರ್ಟಳ್ಳಿ, ಸಂದನಪಾಳ್ಯಗಳ ಕ್ಯಾಥೊಲಿಕರು ಯಾವ ಬಿಷಪರ ಮಾತು ಕೇಳಬೇಕು ಎಂಬುದನ್ನು ಈ ಸರ್ಕಾರಿ ಗಡಿಯೊಂದೇ ತೀರ್ಮಾನಿಸಲಿಲ್ಲ. ಅದರಲ್ಲಿ ಪೋಪರ ರಾಯಭಾರಿಗಳ ಕೈಯೂ ಇತ್ತು. ಯೂರೋಪಿನ ಅರಸರೊಡನೆ ಹಕ್ಕಿನ ಚೌಕಾಸಿ ನಡೆಸುತ್ತಿದ್ದ ಆ ಹುದ್ದೆ, ಕ್ರಮೇಣ ಸ್ಥಳೀಯ ಸಭೆಯ ಅಗತ್ಯವನ್ನು ಅಳೆಯುವ ಹುದ್ದೆಯಾಯಿತು. ಈ ಪಲ್ಲಟ ಎಷ್ಟು ದೊಡ್ಡದೆಂಬುದು ರೋಮಿನಲ್ಲಿ ನಿಂತು ನೋಡಿದರೆ ಕಾಣದು, ಮಲೆ ಮಹದೇಶ್ವರ ಬೆಟ್ಟದ ಸೆರಗಿನ ಈ ಊರುಗಳಿಂದ ನೋಡಿದರೆ ಕಾಣುತ್ತದೆ.

ಹದಿನೇಳನೆಯ ಶತಮಾನದ ಮಧ್ಯದಲ್ಲಿ ಯೇಸುಸಭೆಯ (ಜೆಸ್ವಿಟ್) ಗುರು ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಾಗ, ಭಾರತದ ಸಭೆಯ ಮೇಲೆ ಪೋರ್ಚುಗಲ್ ದೊರೆಗೆ ‘ಪದ್ರುವಾದೊ’ ಎಂಬ ಪೋಷಕ ಹಕ್ಕಿತ್ತು. ಬಿಷಪರ ಹೆಸರನ್ನು ಸೂಚಿಸುವವನು ದೊರೆಯೇ. ಹಾಗಾಗಿ ಇಲ್ಲಿನ ಸಭೆಯ ವಿಚಾರದಲ್ಲಿ ರೋಮ್ ಲಿಸ್ಬನ್‌ನೊಡನೆ ಚೌಕಾಸಿ ಮಾಡಬೇಕಾಗುತ್ತಿತ್ತು. 1759ರಲ್ಲಿ ಪೋರ್ಚುಗಲ್ ಯೇಸುಸಭೆಯವರನ್ನು ಹೊರಹಾಕಿತು, 1773ರಲ್ಲಿ ಪೋಪರು ಆ ಸಭೆಯನ್ನೇ ವಿಸರ್ಜಿಸಿದರು. ಮೈಸೂರು ಸೀಮೆಯ ಭಕ್ತರಿಗೆ ಗುರುಗಳೇ ಇಲ್ಲವಾಗುವ ಸ್ಥಿತಿ ಬಂತು. ಮುಂದೆ ಆ ಹೊಣೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯವರದಾಯಿತು. ಪೋರ್ಚುಗೀಸ್ ನೆಲದಾಚೆಯ ಹಲವು ಹಕ್ಕುಗಳನ್ನು 1838ರಲ್ಲಿ ಪೋಪರು ಕಿತ್ತುಕೊಂಡಾಗ ಕಲಹವೆದ್ದಿತು. ಅದು ಬಹುಮಟ್ಟಿಗೆ ತಣ್ಣಗಾದದ್ದು 1886ರ ಒಪ್ಪಂದದಿಂದ. ಆಗ ಲಿಸ್ಬನ್‌ನಲ್ಲಿ ವಿಂಚೆನ್ಜೊ ವನ್ನುತೆಲ್ಲಿ ರಾಯಭಾರಿ. ಭಾರತಕ್ಕೆ ಪೋಪರ ಮೊದಲ ಪ್ರೇಷಿತ ಪ್ರತಿನಿಧಿಯಾಗಿ 1884ರಲ್ಲಿ ಬಂದಿದ್ದವರು ಆಂತೋನಿಯೊ ಅಲ್ಯಾರ್ದಿ. ಅದೇ 1886ರಲ್ಲಿ ಮೈಸೂರು, ಕೊಯಮತ್ತೂರು ಎರಡೂ ಪೂರ್ಣ ಧರ್ಮಪ್ರಾಂತ್ಯಗಳಾದವು. ಅಲ್ಯಾರ್ದಿ ಮುಂದೆ ಮ್ಯೂನಿಕ್, ವಿಯೆನ್ನಾಗಳಲ್ಲಿ ರಾಯಭಾರಿಯಾದರು. ಭಾರತದಲ್ಲಿ ಅವರ ನಂತರ ಬಂದ ಆಂದ್ರೆಯಾ ಅಯುತಿ 1896ರಲ್ಲಿ ಲಿಸ್ಬನ್‌ಗೇ ಹೋದರು. ಭಾರತದ ಜಗಳವನ್ನು ಭಾರತದಲ್ಲೇ ಕಂಡವರು ಈಗ ಲಿಸ್ಬನ್‌ನಲ್ಲಿ ಕುಳಿತಿದ್ದರು. ಆ ಹುದ್ದೆಯ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮುಂದಿನ ಹೆಜ್ಜೆ ಕನ್ನಡ ನೆಲದ ಮೇಲೆಯೇ ಬಿತ್ತು. ಅಮೆರಿಕದ ಎಡ್ವರ್ಡ್ ಮೂನಿ 1926ರಿಂದ 1931ರವರೆಗೆ, ಬಳಿಕ ಡಚ್ಚರಾದ ಲಿಯೊ ಕೀರ್ಕೆಲ್ಸ್, ಬೆಂಗಳೂರಿನಲ್ಲೇ ಇದ್ದುಕೊಂಡು ಪ್ರತಿನಿಧಿಗಳಾಗಿ ಕೆಲಸ ಮಾಡಿದರು. ಕೀರ್ಕೆಲ್ಸ್ ಇದ್ದ ಕಾಲದಲ್ಲೇ, 1940ರಲ್ಲಿ, ಬೆಂಗಳೂರು ಮತ್ತು ಮೈಸೂರು ಪ್ರತ್ಯೇಕವಾದವು. 1948ರಲ್ಲಿ ಸ್ವತಂತ್ರ ಭಾರತದೊಡನೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟು ಕಚೇರಿ ದೆಹಲಿಯ ಪಾಲಾಯಿತು. 1950ರಲ್ಲಿ ಪೋರ್ಚುಗಲ್ ಭಾರತದಲ್ಲಿ ಬಿಷಪರನ್ನು ಸೂಚಿಸುವ ಹಕ್ಕನ್ನು ಬಿಟ್ಟುಕೊಟ್ಟಿತು. 1955ರಲ್ಲಿ ಮೈಸೂರಿನಿಂದ ನೀಲಗಿರಿ, ಸತ್ಯಮಂಗಲದ ಕಡೆಯ ಭಾಗಗಳನ್ನು ತೆಗೆದು ಊಟಿ ಧರ್ಮಪ್ರಾಂತ್ಯ ಮಾಡಿದಾಗ ಕೊಳ್ಳೇಗಾಲ ಮೈಸೂರಿನಲ್ಲೇ ಉಳಿಯಿತು. ಮರುವರ್ಷ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಅಂದರೆ ಇಲ್ಲಿ ಸಭೆಯ ಗೆರೆಯೇ ಸರ್ಕಾರದ ಗೆರೆಗಿಂತ ಮುಂಚೆ ಸರಿಯಾದ ಕಡೆ ಇತ್ತು.

ಊರು ಕಟ್ಟಿದವರು ಗುರುಗಳು ಮತ್ತು ರೈತರು, ರಾಯಭಾರಿಗೇಕೆ ಈ ಮಹತ್ವ ಎಂದು ಕೇಳಬಹುದು. ಕಟ್ಟಿದವರು ಅವರೇ, ಒಪ್ಪಬೇಕಾದ ಮಾತು. ಆದರೆ ಆ ಗುರು ಯಾವ ಭಾಷೆ ಕಲಿತು ಬರಬೇಕು, ಯಾರ ಅಪ್ಪಣೆಗೆ ಕಾಯಬೇಕು ಎಂಬುದು ಧರ್ಮಪ್ರಾಂತ್ಯದ ಗಡಿಯಿಂದ ನಿರ್ಧಾರವಾಗುತ್ತದೆ. ತಮಿಳು ಮನೆಮಾತಿನ ಮಾರ್ಟಳ್ಳಿಗೆ ಇದು ಕಾಗದದ ಪ್ರಶ್ನೆಯಲ್ಲ. ಇದೆಲ್ಲ ಪರಕೀಯರ ಹಸ್ತಕ್ಷೇಪ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇಂದಿಗೂ ಬಿಷಪ್ ಹುದ್ದೆಗೆ ಹೆಸರುಗಳನ್ನು ವಿಚಾರಿಸಿ ರೋಮಿಗೆ ಕಳಿಸುವವರು ದೆಹಲಿಯ ರಾಯಭಾರಿಯೇ, ಆ ವಿಚಾರಣೆ ಗುಟ್ಟಾಗಿಯೇ ನಡೆಯುತ್ತದೆ. ಈ ಗುಟ್ಟನ್ನು ನಾನು ಸಮರ್ಥಿಸಲಾರೆ. ಆದರೂ ದೊರೆಯ ಕೈಯಿಂದ ಹಕ್ಕು ಬಿಡಿಸಿದ್ದೂ ಇದೇ ವ್ಯವಸ್ಥೆ. ಬೆಳ್ತಂಗಡಿ ಕಡೆಯ ಆಂಬ್ರೋಸ್ ಮಾಡ್ತಾ ಐವರಿ ಕೋಸ್ಟಿಗೆ, ಮುಂಬೈಯ ಐವನ್ ಡಯಾಸ್ ಯೂರೋಪಿನ ಅಲ್ಬೇನಿಯಾಕ್ಕೆ ರಾಯಭಾರಿಗಳಾಗಿ ಹೋದರೆಂಬುದನ್ನೂ ನೆನೆಯಬೇಕು.

ಹನ್ನೆರಡನೆಯ ಪಯಸ್ ಪೋಪರ ಕಾಲದ, ಅಂದರೆ 1939ರಿಂದ 1958ರವರೆಗಿನ ಕಡತಗಳು 2020ರ ಮಾರ್ಚಿನಿಂದ ವ್ಯಾಟಿಕನ್ನಿನಲ್ಲಿ ಸಂಶೋಧಕರಿಗೆ ತೆರೆದಿವೆ. 1940ರ ಮತ್ತು 1955ರ ನಿರ್ಧಾರಗಳೆರಡೂ ಆ ಅವಧಿಯವು. ಮೈಸೂರಿನ, ಚಾಮರಾಜನಗರದ ಇತಿಹಾಸ ವಿದ್ಯಾರ್ಥಿಗಳು ಆ ಕಡತಗಳನ್ನು ಕೊಳ್ಳೇಗಾಲ, ಹನೂರಿನ ಚರ್ಚುಗಳ ಜ್ಞಾನಸ್ನಾನದ ದಾಖಲೆಗಳ ಜೊತೆಗಿಟ್ಟು ಓದಬೇಕು. ಹೊತ್ತಗೆಗಳು ಗೆದ್ದಲಿಗೆ ಹೋಗುವ ಮೊದಲೇ ಆ ಕೆಲಸ ಶುರುವಾಗಲಿ.