ಬಿ.ಪಿ.ಎಡ್. ಮತ್ತು ಎಂ.ಪಿ.ಎಡ್.: ದೈಹಿಕ ಶಿಕ್ಷಣ ಶಿಕ್ಷಕರಾಗ ಬಯಸುವವರಿಗೆ ಮಾಹಿತಿ

ಪದವಿ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮುಂದೇನು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಮಗ ಅಥವಾ ಮಗಳು ಕಾಲೇಜಿನ ವಾಲಿಬಾಲ್, ಕಬಡ್ಡಿ ತಂಡದಲ್ಲಿ ಆಡಿದವರಾಗಿದ್ದರೆ "ಪಿ.ಟಿ. ಮಾಸ್ಟರ್ ಆಗಬಹುದಲ್ಲ" ಎಂದು ಯಾರಾದರೂ ಹೇಳುತ್ತಾರೆ. ಆದರೆ ಅದಕ್ಕೆ ಯಾವ ಕೋರ್ಸು ಮಾಡಬೇಕು, ಎಷ್ಟು ವರ್ಷ ಓದಬೇಕು, ಯಾವ ಪ್ರಮಾಣಪತ್ರಕ್ಕೆ ಬೆಲೆ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ತಪ್ಪು ಕೋರ್ಸಿಗೆ ಸೇರಿದರೆ ಎರಡು ವರ್ಷದ ದುಡಿಮೆಯೂ ಹೆತ್ತವರ ಹಣವೂ ವ್ಯರ್ಥವಾಗುತ್ತದೆ. ಆದ್ದರಿಂದ ಯುವಜನರಿಗೂ ಶಾಲಾ ಆಡಳಿತ ನೋಡಿಕೊಳ್ಳುವವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ಕೋರ್ಸುಗಳು ಯಾವುವು?

ಶಿಕ್ಷಕರ ತರಬೇತಿ ಕೋರ್ಸುಗಳಿಗೆ ಮಾನ್ಯತೆ ನೀಡುವುದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ. ಇದು 1993ರ ಕಾಯಿದೆಯಡಿ ಸ್ಥಾಪನೆಯಾದ ಸಂಸ್ಥೆ. ಇದರ 2014ರ ನಿಯಮಾವಳಿಯಲ್ಲಿ ದೈಹಿಕ ಶಿಕ್ಷಣಕ್ಕೆ ಮೂರು ಹಂತಗಳಿವೆ.

1. ಡಿ.ಪಿ.ಎಡ್. - ಪಿ.ಯು.ಸಿ. ನಂತರ ಎರಡು ವರ್ಷದ ಡಿಪ್ಲೊಮಾ. ಇದು ಪ್ರಾಥಮಿಕ ಶಾಲಾ ಹಂತಕ್ಕೆ.

2. ಬಿ.ಪಿ.ಎಡ್. - ಪದವಿಯ ನಂತರ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಿಗೆ ಇದೇ ಮುಖ್ಯ ಅರ್ಹತೆ. ಹಿಂದೆ ಒಂದು ವರ್ಷವಿದ್ದ ಈ ಕೋರ್ಸನ್ನು 2014ರ ನಿಯಮಾವಳಿ ಎರಡು ವರ್ಷಕ್ಕೆ ಏರಿಸಿತು.

3. ಎಂ.ಪಿ.ಎಡ್. - ಬಿ.ಪಿ.ಎಡ್. ನಂತರ ಎರಡು ವರ್ಷದ ಸ್ನಾತಕೋತ್ತರ ಪದವಿ. ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಲು, ಬಿ.ಪಿ.ಎಡ್. ಕಾಲೇಜಿನಲ್ಲಿ ಬೋಧಿಸಲು, ಸಂಶೋಧನೆ ಮಾಡಲು ಇದು ಬೇಕು.

ಇವಲ್ಲದೆ ಪಿ.ಯು.ಸಿ. ನಂತರ ಮೂರು ವರ್ಷದ ಬಿ.ಪಿ.ಇ.ಎಸ್. ಎಂಬ ಪದವಿಯೂ ಇದೆ. ಹೆಸರು ಹತ್ತಿರವಿರುವುದರಿಂದ ಇದನ್ನೂ ಬಿ.ಪಿ.ಎಡ್. ಅನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಬಿ.ಪಿ.ಇ.ಎಸ್. ಆದವರು ಶಾಲಾ ಶಿಕ್ಷಕರಾಗಬೇಕಾದರೆ ಅದರ ಮೇಲೆ ಬಿ.ಪಿ.ಎಡ್. ಮಾಡಬೇಕು.

ಯಾರು ಸೇರಬಹುದು?

ಬಿ.ಪಿ.ಎಡ್. ಸೇರಲು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಹೀಗೆ ಯಾವುದೇ ಪದವಿ ಇರಬಹುದು. ಕನಿಷ್ಠ ಶೇ. 50 ಅಂಕ ಇರಬೇಕು. ಜತೆಗೆ ಶಾಲಾ, ಜಿಲ್ಲಾ ಅಥವಾ ಅಂತರ ಕಾಲೇಜು ಮಟ್ಟದ ಮಾನ್ಯತೆ ಪಡೆದ ಸ್ಪರ್ಧೆಯಲ್ಲಿ ಭಾಗವಹಿಸಿರಬೇಕು. ಪದವಿಯಲ್ಲಿ ದೈಹಿಕ ಶಿಕ್ಷಣವನ್ನು ಒಂದು ವಿಷಯವಾಗಿ ಓದಿದವರಿಗೆ, ರಾಜ್ಯ, ಅಂತರ ವಿಶ್ವವಿದ್ಯಾನಿಲಯ ಅಥವಾ ರಾಷ್ಟ್ರ ಮಟ್ಟದಲ್ಲಿ ಆಡಿದವರಿಗೆ ಶೇ. 45 ಸಾಕು. ಮೀಸಲಾತಿ ವರ್ಗದವರಿಗೆ ನಿಯಮದಂತೆ ರಿಯಾಯಿತಿ ಉಂಟು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಿಯಮ ಕೇಳುವುದು ಭಾಗವಹಿಸಿದ ದಾಖಲೆಯನ್ನು, ಪದಕ ಇರಲೇಬೇಕೆಂದಿಲ್ಲ. "ನಾನು ರಾಜ್ಯ ಮಟ್ಟದ ಆಟಗಾರನಲ್ಲ" ಎಂದು ಹಿಂಜರಿಯುವ ಅಗತ್ಯವಿಲ್ಲ. ಆದರೆ ಆ ದಾಖಲೆ ಕೈಯಲ್ಲಿರಬೇಕು. ಕಾಲೇಜು ಬಿಡುವ ಮೊದಲೇ ಭಾಗವಹಿಸಿದ ಎಲ್ಲಾ ಪ್ರಮಾಣಪತ್ರಗಳನ್ನು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಂದ ಪಡೆದು ಜೋಪಾನವಾಗಿಡಿ. ಪ್ರವೇಶಕ್ಕೆ ಅಂಕಗಳ ಜತೆ ದೈಹಿಕ ಕ್ಷಮತೆಯ ಪರೀಕ್ಷೆಯನ್ನೂ ನಡೆಸುವುದು ವಾಡಿಕೆ. ಎಂ.ಪಿ.ಎಡ್. ಸೇರಲು ಬಿ.ಪಿ.ಎಡ್. ಅಥವಾ ತತ್ಸಮಾನ ಪದವಿಯಲ್ಲಿ ಶೇ. 50 ಅಂಕ ಬೇಕು.

ಏನನ್ನು ಕಲಿಸುತ್ತಾರೆ?

ಎರಡು ವರ್ಷ ಬರೀ ಆಡುವುದು ಎಂದು ಭಾವಿಸಿ ಸೇರಿದವರು ಮೊದಲ ತಿಂಗಳಲ್ಲೇ ಬೆಚ್ಚಿ ಬೀಳುತ್ತಾರೆ. ಶರೀರ ರಚನೆ, ಶರೀರ ಕ್ರಿಯೆ, ಆರೋಗ್ಯ ಶಿಕ್ಷಣ, ಯೋಗ, ಕ್ರೀಡಾ ತರಬೇತಿಯ ತತ್ವಗಳು, ಚಲನೆಯ ವಿಜ್ಞಾನ, ಕ್ರೀಡಾ ವೈದ್ಯಕೀಯ, ಬೋಧನಾ ವಿಧಾನ, ಕ್ರೀಡಾಕೂಟಗಳ ಸಂಘಟನೆ ಇವೆಲ್ಲವೂ ಪಠ್ಯದಲ್ಲಿವೆ. ಬೆಳಿಗ್ಗೆ ಸಂಜೆ ಮೈದಾನ, ನಡುವೆ ತರಗತಿ. ಶಾಲೆಗಳಿಗೆ ಹೋಗಿ ಪಾಠಾಭ್ಯಾಸ ಮಾಡಬೇಕು. ಪ್ರತಿ ಪಾಠಕ್ಕೂ ಬರೆದ ಯೋಜನೆ ಬೇಕು. ಎಂ.ಪಿ.ಎಡ್.ನಲ್ಲಿ ಸಂಶೋಧನಾ ವಿಧಾನ, ವ್ಯಾಯಾಮದ ಶರೀರ ಕ್ರಿಯೆ, ಕ್ರೀಡಾ ಮನಶ್ಶಾಸ್ತ್ರ, ಮಾಪನ ಮತ್ತು ಮೌಲ್ಯಮಾಪನ ಇತ್ಯಾದಿ ವಿಷಯಗಳು ಸೇರುತ್ತವೆ.

ಈ ಓದಿನಿಂದ ಊರಿಗೇನು ಲಾಭ ಎಂದು ಕೇಳಿದರೆ ಎರಡು ಉದಾಹರಣೆ ಕೊಡಬಹುದು.

ಮೊದಲನೆಯದು ಓಟದ ಪಥ. ಒಂದು ಪೂರ್ಣ ಸುತ್ತನ್ನು ತಮ್ಮ ತಮ್ಮ ಪಥದಲ್ಲೇ ಓಡುವಾಗ ಹೊರಗಿನ ಪಥದವರಿಗೆ ದೂರ ಹೆಚ್ಚಾಗುತ್ತದೆ. ಆದುದರಿಂದ ಅವರನ್ನು ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಪಥದ ಅಗಲ 1.22 ಮೀಟರ್ ಇದ್ದರೆ ಎರಡನೇ ಪಥದವರು 7.04 ಮೀಟರ್ ಮುಂದಿರಬೇಕು. ಈ ಅಂತರ ಪಥದ ಅಗಲವನ್ನು ಅವಲಂಬಿಸಿದೆಯೇ ಹೊರತು ಮೈದಾನದ ಗಾತ್ರವನ್ನಲ್ಲ. 400 ಮೀಟರಿನ ಕ್ರೀಡಾಂಗಣವಾಗಲಿ, 200 ಮೀಟರಿನ ಶಾಲಾ ಮೈದಾನವಾಗಲಿ, ಒಂದು ಪೂರ್ಣ ಸುತ್ತಿಗೆ ಲೆಕ್ಕ ಒಂದೇ. ಅರ್ಧ ಸುತ್ತಿಗೆ ಅದರ ಅರ್ಧ, 3.52 ಮೀಟರ್. ಕಣ್ಣಂದಾಜಿನಲ್ಲಿ ಗೆರೆ ಎಳೆದರೆ ಯಾವುದೋ ಒಂದು ಮಗುವಿಗೆ ಓಡುವ ಮೊದಲೇ ಅನ್ಯಾಯವಾಗಿರುತ್ತದೆ.

ಎರಡನೆಯದು ಪಂದ್ಯಗಳ ವ್ಯವಸ್ಥೆ. 16 ತಂಡಗಳ ನಾಕೌಟ್ ಪಂದ್ಯಾಟವನ್ನು 15 ಪಂದ್ಯಗಳಲ್ಲಿ ಮುಗಿಸಬಹುದು. ಆದರೆ 8 ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ತಂಡಗಳನ್ನು ನಾಲ್ಕರಂತೆ ನಾಲ್ಕು ಗುಂಪು ಮಾಡಿ ಲೀಗ್ ಆಡಿಸಿ, ಗುಂಪಿನ ವಿಜೇತರಿಗೆ ಸೆಮಿಫೈನಲ್ ಮತ್ತು ಫೈನಲ್ ಇಟ್ಟರೆ ಒಟ್ಟು 27 ಪಂದ್ಯ. ಪ್ರತಿ ತಂಡಕ್ಕೂ ಕನಿಷ್ಠ ಮೂರು ಆಟ ಸಿಗುತ್ತದೆ. ಎರಡು ದಿನ ಸಮಯವಿದ್ದರೆ ಯಾವುದನ್ನು ಆರಿಸಬೇಕೆಂದು ತರಬೇತಾದ ಶಿಕ್ಷಕರಿಗೆ ಗೊತ್ತಿರುತ್ತದೆ. ನಮ್ಮ ವಾಳೆಗಳ ನಡುವಿನ ಪಂದ್ಯಾಟ ನಡೆಸುವ ಯುವಕರಿಗೂ ಇದು ಉಪಯೋಗಕ್ಕೆ ಬರುವ ಲೆಕ್ಕ.

ಶಿಕ್ಷಕರು ಬೇರೆ, ತರಬೇತುದಾರರು ಬೇರೆ

ತರಬೇತುದಾರರ ಕೆಲಸ ಒಂದು ಕ್ರೀಡೆಯಲ್ಲಿ ಪ್ರತಿಭೆ ಇರುವವರನ್ನು ಗೆಲುವಿಗೆ ಸಿದ್ಧಪಡಿಸುವುದು. ಇದಕ್ಕೆ 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾ ಹೆಸರುವಾಸಿ. ದೈಹಿಕ ಶಿಕ್ಷಣ ಶಿಕ್ಷಕರ ಹೊಣೆ ತರಗತಿಯ ಎಲ್ಲಾ ಮಕ್ಕಳದ್ದು. ಓಟದಲ್ಲಿ ಕೊನೆಗೆ ಬರುವವರು, ಮೈಭಾರ ಇರುವವರು, ಉಬ್ಬಸ ಇರುವವರು, ಅಂಗವೈಕಲ್ಯ ಇರುವವರು, ಮೈದಾನಕ್ಕಿಳಿಯಲು ನಾಚುವ ಹೆಣ್ಣುಮಕ್ಕಳು ಎಲ್ಲರಿಗೂ ಅವರವರಿಗೆ ಹೊಂದುವ ಚಟುವಟಿಕೆ ಕೊಡಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವಾಗ ಜಗಲಿಯಲ್ಲೋ ಸಭಾಂಗಣದಲ್ಲೋ ಏನು ಮಾಡಿಸಬಹುದು ಎಂಬುದನ್ನೂ ಯೋಜಿಸಬೇಕು. ತರಬೇತುದಾರರ ಡಿಪ್ಲೊಮಾ ಒಂದರಿಂದಲೇ ಶಾಲಾ ಶಿಕ್ಷಕ ಹುದ್ದೆ ಸಿಗುವುದಿಲ್ಲ, ಬಿ.ಪಿ.ಎಡ್. ಒಂದರಿಂದಲೇ ನುರಿತ ತರಬೇತುದಾರರೂ ಆಗುವುದಿಲ್ಲ. ಯಾವುದು ಬೇಕೆಂದು ಮೊದಲೇ ನಿರ್ಧರಿಸುವುದು ಒಳ್ಳೆಯದು.

ಈ ಶಿಕ್ಷಣ ಬಂದ ದಾರಿ

ಭಾರತದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಗೆ ವ್ಯವಸ್ಥಿತ ತರಬೇತಿ ನೀಡಿದ ಮೊದಲಿಗರಲ್ಲಿ ಅಮೆರಿಕದ ಹ್ಯಾರಿ ಕ್ರೋ ಬಕ್ ಪ್ರಮುಖರು. ಅವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಆರಂಭಿಸಿದರು. ಅದು ಇಂದು ಚೆನ್ನೈನ ನಂದನಂನಲ್ಲಿ ಕಾಲೇಜಾಗಿ ನಡೆಯುತ್ತಿದೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜವಾಬ್ದಾರಿಯನ್ನೂ ಬಕ್ ಹೊತ್ತಿದ್ದರು. ಸ್ವಾತಂತ್ರ್ಯಾನಂತರ 1957ರಲ್ಲಿ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ಸ್ಥಾಪನೆಯಾಗಿ, ಪಿ.ಯು.ಸಿ. ನಂತರವೇ ಪದವಿ ಮಟ್ಟದಲ್ಲಿ ಈ ವಿಷಯವನ್ನು ಓದುವ ದಾರಿ ತೆರೆಯಿತು.

ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯಲ್ಲಿ ಆಳ್ವಾಸ್ ದೈಹಿಕ ಶಿಕ್ಷಣ ಕಾಲೇಜು ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ದೈಹಿಕ ಶಿಕ್ಷಣ ವಿಭಾಗವಿದೆ. ಬೆಂಗಳೂರು ವಿಶ್ವವಿದ್ಯಾನಿಲಯವೂ ಈ ವಿಷಯದ ಕಾಲೇಜನ್ನು ಹೊಂದಿದೆ. ಯಾವ ಕೋರ್ಸಿಗೆ ಆ ವರ್ಷ ಪ್ರವೇಶ ಇದೆ ಎಂಬುದನ್ನು ಪ್ರಕಟಣೆಯಿಂದ ತಿಳಿದುಕೊಳ್ಳಬೇಕು.

ಉದ್ಯೋಗಾವಕಾಶ

ಸರಕಾರಿ, ಅನುದಾನಿತ, ಖಾಸಗಿ ಶಾಲೆಗಳು, ಕೇಂದ್ರೀಯ ಹಾಗೂ ನವೋದಯ ವಿದ್ಯಾಲಯಗಳು ದೈಹಿಕ ಶಿಕ್ಷಣ ಶಿಕ್ಷಕರನ್ನು ನೇಮಿಸುತ್ತವೆ. ಸಿ.ಬಿ.ಎಸ್.ಇ. 2018ರಲ್ಲಿ 9ರಿಂದ 12ನೇ ತರಗತಿಯವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ್ದರಿಂದ ಆ ಶಾಲೆಗಳಿಗೆ ತರಬೇತಾದವರು ಬೇಕಾಗಿದ್ದಾರೆ.

ಕಾಲೇಜು ಹುದ್ದೆಗೆ ಯು.ಜಿ.ಸಿ.ಯ 2018ರ ನಿಯಮಾವಳಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಎನ್.ಇ.ಟಿ. ಅಥವಾ ಕೆ-ಸೆಟ್‌ನಂತಹ ಅರ್ಹತೆ, ಕ್ರೀಡಾ ದಾಖಲೆ ಇವುಗಳ ಜತೆಗೆ ದೈಹಿಕ ಕ್ಷಮತೆಯ ಪರೀಕ್ಷೆಯನ್ನೂ ಇಟ್ಟಿತು. 30 ವರ್ಷದವರೆಗಿನ ಪುರುಷರು 12 ನಿಮಿಷದಲ್ಲಿ 1800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್ ಕ್ರಮಿಸಬೇಕು. ವಯಸ್ಸು ಹೆಚ್ಚಿದಂತೆ ದೂರ ಕಡಿಮೆಯಾಗುತ್ತದೆ. 2025ರ ಜನವರಿಯಲ್ಲಿ ಯು.ಜಿ.ಸಿ. ಹೊಸ ಕರಡು ನಿಯಮಗಳನ್ನು ಪ್ರಕಟಿಸಿದ್ದರಿಂದ, ಅರ್ಜಿ ಹಾಕುವಾಗ ಜಾರಿಯಲ್ಲಿರುವ ನಿಯಮವನ್ನು ನೋಡಿಕೊಳ್ಳುವುದು ಅಗತ್ಯ.

ಕಷ್ಟಗಳನ್ನೂ ಹೇಳಬೇಕು. ಅನುದಾನಿತ ಶಾಲೆಯಲ್ಲಿ ನಿವೃತ್ತರಾದವರ ಜಾಗ ತುಂಬಲು ಸರಕಾರದ ಅನುಮತಿ ಬೇಕು. ಅಲ್ಲಿಯವರೆಗೆ ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ನಡೆಸಬೇಕು. ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಿ ತಮ್ಮನ್ನು ಇತರ ಶಿಕ್ಷಕರಿಗೆ ಸಮನಾಗಿ ಕಾಣಬೇಕೆಂಬುದು ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರ ಬಹುಕಾಲದ ಬೇಡಿಕೆ.

ಶಾಲಾ ಆಡಳಿತದವರಿಗೆ

2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದೂ ಹೇಳುತ್ತದೆ. 2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದಿತು. 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ಕಾನೂನು ಏನೇ ಹೇಳಲಿ, ನಮ್ಮ ಚರ್ಚ್ ಶಾಲೆಗಳ ಮಕ್ಕಳಿಗೂ ಆಟ ಬೇಕು. ಪರೀಕ್ಷೆ ಹತ್ತಿರವಾದಾಗ ಪಿ.ಟಿ. ಅವಧಿಯನ್ನು ಗಣಿತಕ್ಕೆ ಕೊಡುವ ಪದ್ಧತಿ ಇರುವ ಕಡೆ ತರಬೇತಾದ ಶಿಕ್ಷಕರಿದ್ದೂ ಪ್ರಯೋಜನವಿಲ್ಲ.

ಸೇರುವ ಮೊದಲು ವಿಚಾರಿಸಿ

* ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ? ಮಾನ್ಯತಾ ಆದೇಶದ ಪ್ರತಿಯನ್ನು ಕೇಳಿ ನೋಡಿ; ಎನ್.ಸಿ.ಟಿ.ಇ. ಜಾಲತಾಣದಲ್ಲಿಯೂ ಪರಿಶೀಲಿಸಿ.
* ಪದವಿ ನೀಡುವ ವಿಶ್ವವಿದ್ಯಾನಿಲಯ ಯಾವುದು? ಸಂಯೋಜನೆ ಈ ವರ್ಷಕ್ಕೂ ಊರ್ಜಿತದಲ್ಲಿದೆಯೇ?
* "ಮನೆಯಲ್ಲೇ ಕುಳಿತು ಬಿ.ಪಿ.ಎಡ್. ಮಾಡಿ" ಎಂಬ ಜಾಹೀರಾತಿಗೆ ಮರುಳಾಗಬೇಡಿ. ಇದು ಮೈದಾನದಲ್ಲಿ ಹಾಜರಿದ್ದು ಕಲಿಯುವ ಕೋರ್ಸು.
* ಮೈದಾನ, ಪಾಠಾಭ್ಯಾಸಕ್ಕೆ ಶಾಲೆ, ವಿದ್ಯಾರ್ಥಿನಿಯರಿಗೆ ವಸತಿ ಇವೆಯೇ ಎಂದು ಒಮ್ಮೆ ಹೋಗಿ ಕಣ್ಣಾರೆ ನೋಡಿ.
* ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆಂದು ಕೇಳಿ ತಿಳಿಯಿರಿ.

ಧರ್ಮಗುರುಗಳು, ವಾಳೆಯ ಗುರಿಕಾರರು, ಶಾಲಾ ಮುಖ್ಯಸ್ಥರು ತಮ್ಮಲ್ಲಿರುವ ಆಸಕ್ತ ಯುವಕ ಯುವತಿಯರಿಗೆ ಈ ಮಾಹಿತಿಯನ್ನು ತಲಪಿಸಬೇಕೆಂದು ವಿನಂತಿಸುತ್ತೇವೆ. ಮಕ್ಕಳನ್ನು ಪ್ರೀತಿಸುವ, ಬಿಸಿಲಿನಲ್ಲಿ ನಿಲ್ಲಲು ಬೇಸರಿಸದ, ಓದಲೂ ಸಿದ್ಧರಿರುವವರಿಗೆ ಇದು ಯೋಗ್ಯವಾದ ವೃತ್ತಿ.