ಸಕ್ಕರೆಯ ಹೆಣ್ಣುಮಕ್ಕಳು

ಮಂಡ್ಯದಲ್ಲಿ ‘ಮೈಷುಗರ್’ ಎಂದರೆ ತಿಳಿಯದವರಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಮುದ್ದಿನ ಹೆಸರು ಅದು. ಅರ್ಧ ಮೈಸೂರು, ಅರ್ಧ ಇಂಗ್ಲಿಷು. ಆದರೆ ಆ ‘ಶುಗರ್’ ನಿಜವಾಗಿ ಇಂಗ್ಲಿಷರದೇ?

ಸಂಸ್ಕೃತದ ‘ಶರ್ಕರಾ’ ಎಂದರೆ ಮರಳು, ಹರಳು. ಹರಳುಗಟ್ಟಿದ ಕಬ್ಬಿನ ರಸಕ್ಕೂ ಅದೇ ಹೆಸರಾಯಿತು. ಪ್ರಾಕೃತದ ಮೂಲಕ ನಮ್ಮಲ್ಲಿಗೆ ಬಂದು ‘ಸಕ್ಕರೆ’ಯಾಯಿತು. ಪಶ್ಚಿಮಕ್ಕೆ ಹೊರಟದ್ದು ಪರ್ಷಿಯಾದಲ್ಲಿ ‘ಶಕರ್’, ಅರಬರಲ್ಲಿ ‘ಸುಕ್ಕರ್’ ಆಗಿ, ಲ್ಯಾಟಿನ್, ಫ್ರೆಂಚ್ ಮನೆಗಳನ್ನು ಹಾದು ಹದಿಮೂರನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ‘ಶುಗರ್’ ಎನಿಸಿಕೊಂಡಿತು.

ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ‘ಜ್ಯಾಗರಿ’ ಎನ್ನುತ್ತಾರಲ್ಲ, ಅದು ಇದರ ತಂಗಿ. ಅದು ಹೋದದ್ದು ಸಮುದ್ರದ ದಾರಿಯಲ್ಲಿ. 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಪೋರ್ಚುಗೀಸರು ಕರಾವಳಿಯಲ್ಲಿ ವ್ಯಾಪಾರ ಮಾಡುತ್ತ ಈ ಮಾತನ್ನು ಕಲಿತು ‘ಜಾಗರ’ ಎಂದರು. ಮೂಲ ಮಲಯಾಳದ ‘ಚಕ್ಕರ’ ಎನ್ನುವವರೂ ಇದ್ದಾರೆ, ಕನ್ನಡದ ‘ಶರ್ಕರೆ’ ಎನ್ನುವವರೂ ಇದ್ದಾರೆ. ಎರಡಕ್ಕೂ ಅಜ್ಜಿ ಆ ಸಂಸ್ಕೃತದ ‘ಶರ್ಕರಾ’ಳೇ. ಹದಿನಾರನೆಯ ಶತಮಾನದ ಕೊನೆಗೆ ಅದೂ ಇಂಗ್ಲಿಷಿನ ಮನೆ ಸೇರಿತು.

ಇನ್ನೊಂದು ಸೋಜಿಗ ನೋಡಿ. ಕಬ್ಬು, ಬೆಲ್ಲ, ಆಲೆಮನೆ ಎಂಬ ಮಾತುಗಳು ಅಷ್ಟು ದೂರ ಹೋಗಲೇ ಇಲ್ಲ. ತಮಿಳಿನ ‘ಕರುಂಬು’, ‘ವೆಲ್ಲಂ’ ಇವುಗಳ ಹತ್ತಿರದ ನೆಂಟರು. ಮಾರುವವರ ಮಾತು ಹಡಗು ಹತ್ತಿತು. ಕಬ್ಬು ಕಡಿದು, ಅರೆದು, ಕೊಪ್ಪರಿಗೆಯ ಮುಂದೆ ಬೆವರು ಸುರಿಸಿದವರ ಮಾತು ಊರಲ್ಲೇ ಉಳಿಯಿತು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬರುವ ಎಷ್ಟೋ ಜಾಣ ಹುಡುಗಿಯರು ಇಂಗ್ಲಿಷಿಗೆ ಹೆದರಿ ಎಸ್ಸೆಸ್ಸೆಲ್ಸಿಗೇ ಓದು ಬಿಡುತ್ತಾರೆ. ‘ಅದು ದೊಡ್ಡವರ ಭಾಷೆ ಮೇಡಂ’ ಎನ್ನುತ್ತಾರೆ. ಆ ಭಾಷೆಯೋ, ಕಂಡ ಕಂಡ ಮನೆಗಳಿಂದ ಮಾತನ್ನು ಕಡ ತಂದು ಸಂಸಾರ ಹೂಡಿದ್ದು! ಅದರಿಂದ ಅದಕ್ಕೇನೂ ಕುಂದಾಗಲಿಲ್ಲ, ಸಂಪತ್ತೇ ಬೆಳೆಯಿತು. ನಮ್ಮ ‘ಸಕ್ಕರೆ’ಯೂ ಬಂದು ನೆಲೆಸಿದ ಮಾತೇ ತಾನೆ? ಮಾತಿಗೆ ಮಡಿ ಮೈಲಿಗೆಯಿಲ್ಲ.

ತಾಯಂದಿರೇ, ನಿಮ್ಮ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಅಳುಕಿದರೆ ಈ ಅಕ್ಕ ತಂಗಿಯರ ಕಥೆ ಹೇಳಿ. ಪಾಠ ಆಮೇಲೆ, ಮೊದಲು ಆ ಮನೆಯಲ್ಲಿ ತನಗೂ ನೆಂಟರಿದ್ದಾರೆಂದು ಅವಳಿಗೆ ಗೊತ್ತಾಗಲಿ.