ಮೂವತ್ತಾರನೆಯವನ ಗೆಲುವು

ನವಲಗುಂದ ತಾಲ್ಲೂಕಿನ ಯಮನೂರು ಗೊತ್ತಲ್ವಾ? ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿ ದೊಡ್ಡ ಉರುಸು ನಡೆಯುತ್ತೆ. ಬೆಣ್ಣೆಹಳ್ಳದ ನೀರಿನಿಂದ ದೀಪ ಹಚ್ಚುವ ಊರು ಅಂತ ಅದಕ್ಕೆ ಹೆಸರು. ಅಲ್ಲಿರುವ ಸಂತನನ್ನು ಒಬ್ಬರು ಚಾಂಗದೇವ ಅಂತಾರೆ, ಇನ್ನೊಬ್ಬರು ರಾಜಾಬಾಗ್ ಸವಾರ್ ಅಂತಾರೆ. ಬಾಗ್ ಸವಾರ್ ಅಂದ್ರೆ ಹುಲಿ ಸವಾರ. ಚಾಂಗದೇವ ಹುಲಿಯನ್ನೇರಿ, ಹಾವನ್ನೇ ಚಾವಟಿ ಮಾಡಿಕೊಂಡು ಜ್ಞಾನೇಶ್ವರರನ್ನು ನೋಡಲು ಹೊರಟನಂತೆ. ಜ್ಞಾನೇಶ್ವರರು ತಾವು ಕೂತಿದ್ದ ಗೋಡೆಯನ್ನೇ ನಡೆಸಿಕೊಂಡು ಎದುರಿಗೆ ಬಂದರಂತೆ. ಹುಲಿ ಸವಾರ ಕೆಳಗಿಳಿದು ಕೈಮುಗಿದ ಅನ್ನೋದು ಕತೆ.

ಹುಲಿ ಏರುವ ಕತೆ ಎಲ್ಲರಿಗೂ ಇಷ್ಟ. ಆದರೆ ಹುಲಿ ಏರಿದವನು ಕ್ಷೇಮವಾಗಿ ಇಳಿಯುವುದು ಎಷ್ಟು ಕಷ್ಟ ಅನ್ನೋದನ್ನು ಯಾರೂ ಕೇಳೋದಿಲ್ಲ. ಇವತ್ತು ಹೇಳಹೊರಟಿರುವುದು ಕಬ್ಬಿಣದ ಹುಲಿ ಏರಿದ ನಮ್ಮದೇ ಕನ್ನಡ ನಾಡಿನ ಕೆಲವರ ಕತೆ. ಅದರಲ್ಲೂ ಒಬ್ಬರ ಹೆಸರು ನೆನಪಿಡಿ: ಸಿ. ಎಸ್. ಸಂತೋಷ್. ಬೆಂಗಳೂರಿನವರು. ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ.

ಡಕಾರ್ ಅಂದ್ರೇನು? ಸೆನೆಗಲ್ ದೇಶದ ರಾಜಧಾನಿ. 1977ರಲ್ಲಿ ಥಿಯೆರಿ ಸಬೀನ್ ಅನ್ನುವ ಫ್ರೆಂಚ್ ಸವಾರ ಒಂದು ರೇಸಿನಲ್ಲಿ ಬೈಕ್ ಓಡಿಸುತ್ತಾ ಆಫ್ರಿಕಾದ ಮರುಭೂಮಿಯಲ್ಲಿ ದಾರಿ ತಪ್ಪಿದ. ಸಾವಿನ ಬಾಯಿಯಿಂದ ಹೇಗೋ ಪಾರಾಗಿ ಬಂದ. ಬದುಕಿ ಬಂದವನು ಏನು ಮಾಡಬೇಕಿತ್ತು? ಮನೆಯಲ್ಲಿ ಕೂರಬೇಕಿತ್ತು. ಇವನು ಅದೇ ಮರುಭೂಮಿಯಲ್ಲಿ ರೇಸ್ ಶುರುಮಾಡಿದ! 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಡಕಾರ್‌ನತ್ತ ಮೊದಲ ಓಟ ಹೊರಟಿತು. 1986ರಲ್ಲಿ ಇದೇ ರ‍್ಯಾಲಿ ನಡೆಯುತ್ತಿದ್ದಾಗ ಹೆಲಿಕಾಪ್ಟರ್ ಬಿದ್ದು ಸಬೀನ್ ತೀರಿಕೊಂಡ. ಓಟ ಮಾತ್ರ ನಿಲ್ಲಲಿಲ್ಲ. ಭಯೋತ್ಪಾದಕರ ಬೆದರಿಕೆಯಿಂದ 2008ರ ರ‍್ಯಾಲಿ ರದ್ದಾಯಿತು. 2009ರಿಂದ ದಕ್ಷಿಣ ಅಮೆರಿಕಕ್ಕೆ ಹೋಯಿತು. 2020ರಿಂದ ಸೌದಿ ಅರೇಬಿಯಾದಲ್ಲಿದೆ. ಊರು ಬದಲಾಯಿತು, ಖಂಡ ಬದಲಾಯಿತು, ಹೆಸರು ಮಾತ್ರ ಡಕಾರ್ ಅಂತಲೇ ಉಳಿಯಿತು.

ಎರಡು ವಾರದ ಓಟ ಇದು. ದಿನಕ್ಕೆ ನೂರಾರು ಕಿಲೋಮೀಟರ್. ಮರಳು, ಕಲ್ಲು, ಉಪ್ಪಿನ ಬಯಲು. ನವಲಗುಂದದ ರೈತನಿಗೆ ಇದು ಬೇಗ ಅರ್ಥವಾಗುತ್ತೆ. ಮಳೆ ಬಿದ್ದ ಎರೆಭೂಮಿಯಲ್ಲಿ ಚಕ್ಕಡಿ ಹೂತುಕೊಂಡರೆ ಏನಾಗುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಪಾಡು ಮರಳಿನಲ್ಲಿ, ದಿನವಿಡೀ, ಒಬ್ಬನೇ. ಕಾರಿನಲ್ಲಿ ಹೋಗುವವನಿಗೆ ದಾರಿ ಓದಿ ಹೇಳಲು ಪಕ್ಕದಲ್ಲಿ ಒಬ್ಬ ಇರುತ್ತಾನೆ. ಬೈಕಿನವನಿಗೆ ಯಾರೂ ಇಲ್ಲ. ಹ್ಯಾಂಡಲ್ ಮೇಲೆ ಕೂರಿಸಿದ ರೋಡ್‌ಬುಕ್ ನೋಡಬೇಕು, ದಿಕ್ಕು ಹಿಡಿಯಬೇಕು, ಗುಂಡಿ ತಪ್ಪಿಸಬೇಕು, ಆಕ್ಸಿಲರೇಟರ್ ಬಿಡಬಾರದು. ಕಣ್ಣು ಒಂದು ಕ್ಷಣ ತಪ್ಪಿತೋ, ಮುಗೀತು.

ಇಂಥ ಕಡೆ ಬೆಂಗಳೂರಿನ ಹುಡುಗ ಹೋಗಿದ್ದು ಹೇಗೆ? ಸಂತೋಷ್ ಮೋಟೋಕ್ರಾಸ್, ಸೂಪರ್‌ಕ್ರಾಸ್‌ಗಳಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಮಣ್ಣಿನ ಗುಡ್ಡೆಗಳ ಮೇಲೆ ಬೈಕ್ ಹಾರಿಸುವ ಆಟ ಅದು. ದೇಶದಲ್ಲಿ ಗೆಲ್ಲುವುದೆಲ್ಲ ಗೆದ್ದ ಮೇಲೆ ಮರುಭೂಮಿಯತ್ತ ತಿರುಗಿದರು. ಮರುಭೂಮಿ ಸ್ವಾಗತಿಸಿದ್ದು ಹೇಗೆ ಗೊತ್ತಾ? 2013ರ ಅಬುಧಾಬಿ ರ‍್ಯಾಲಿಯಲ್ಲಿ ಅವರ ಬೈಕಿಗೆ ಬೆಂಕಿ ಹತ್ತಿಕೊಂಡಿತು. ಸುಟ್ಟಗಾಯಗಳಾದವು. ಬೇರೆಯವರಾಗಿದ್ದರೆ ಅಲ್ಲಿಗೆ ಬೈಕಿಗೆ ಕೈಮುಗಿದು ಬರುತ್ತಿದ್ದರು. ಇವರು ಎರಡು ವರ್ಷದಲ್ಲಿ ಅದಕ್ಕಿಂತ ದೊಡ್ಡ ಬೆಂಕಿಗೇ ಕೈಹಾಕಿದರು.

2015ರ ಜನವರಿ. ಅರ್ಜೆಂಟೀನಾ, ಚಿಲಿ, ಬೊಲಿವಿಯಾ ಮೂರು ದೇಶಗಳ ದಾರಿ. ಬೊಲಿವಿಯಾದ ಉಪ್ಪಿನ ಬಯಲಿನಲ್ಲಿ ಮಳೆ ಸುರಿದು ಬೈಕುಗಳೆಲ್ಲ ಉಪ್ಪುನೀರು ಕುಡಿದವು. ಘಟಾನುಘಟಿಗಳ ಇಂಜಿನ್ನುಗಳೇ ಕೈಕೊಟ್ಟವು. ಆ ವರ್ಷ ಪೋಲೆಂಡಿನ ಸವಾರ ಮಿಖಾವ್ ಹೆರ್ನಿಕ್ ದಾರಿಯಲ್ಲೇ ಪ್ರಾಣಬಿಟ್ಟ. ಬೆನ್ನ ಹಿಂದೆ ಯಾವ ಕಂಪನಿಯ ತಂಡವೂ ಇಲ್ಲದೆ ಕೆಟಿಎಂ ಬೈಕ್ ಏರಿ ಹೋಗಿದ್ದ ಸಂತೋಷ್ ಕೊನೆಯ ಗೆರೆ ದಾಟಿದರು. ಸ್ಥಾನ? 36.

ಮೂವತ್ತಾರು! ನಮ್ಮ ಊರಲ್ಲಿ ಈ ಸಂಖ್ಯೆ ಹೇಳಿದರೆ ಏನಂತಾರೆ? "ಅಯ್ಯ, ಮೂವತ್ತಾರನೇ ನಂಬರ್ ಬಂದದ್ದಕ್ಕ ಇಷ್ಟು ಗದ್ದಲೇನ್ರೀ?" ಅಂತಾರೆ. ನಮಗೆ ಮೊದಲನೆಯವನು ಮಾತ್ರ ಬೇಕು. ಕಾರಹುಣ್ಣಿಮೆ ದಿನ ಕರಿ ಹರಿಯುವುದನ್ನು ನೋಡಿದ್ದೀರಲ್ಲ? ಮೊದಲು ಬಂದು ಕರಿ ಹರಿದ ಎತ್ತಿನ ಬಣ್ಣ ನೋಡಿ ಬೆಳೆಯ ಲೆಕ್ಕ ಹಾಕುತ್ತಾರೆ. ಹಿಂದೆ ಬಂದ ಎತ್ತುಗಳನ್ನು ಯಾರೂ ಕೇಳುವುದಿಲ್ಲ. ಆದರೆ ಮರುದಿನದಿಂದ ಊರಿನ ಹೊಲಗಳನ್ನೆಲ್ಲ ಹರಗುವುದು ಆ ಹಿಂದೆ ಬಂದ ಎತ್ತುಗಳೇ ಅಲ್ವಾ?

ಡಕಾರ್‌ನಲ್ಲಿ ಮುಗಿಸುವುದೇ ಒಂದು ಗೆಲುವು. ಆದರೆ ಮುಗಿಸಿದವನ ಹಿಂದಿನಿಂದ ಏನು ಬಂತು ಅನ್ನೋದು ಅದಕ್ಕಿಂತ ದೊಡ್ಡ ಮಾತು. ಅದು ತಿಳಿಯಬೇಕಾದರೆ ಜಪಾನಿನ ಇತಿಹಾಸ ಸ್ವಲ್ಪ ನೋಡಬೇಕು.

ಮೊಟ್ಟಮೊದಲ ಡಕಾರ್ ಗೆದ್ದ ಬೈಕ್ ಯಾವುದು? ಯಮಹಾ. ಓಡಿಸಿದವನು? ಸಿರಿಲ್ ನೆವೂ, ಫ್ರೆಂಚ್. 1986ರಿಂದ 1989ರವರೆಗೆ ನಾಲ್ಕು ವರ್ಷ ಸತತವಾಗಿ ಬೈಕ್ ವಿಭಾಗ ಗೆದ್ದದ್ದು ಹೋಂಡಾ. ಮೇಲೆ ಕೂತವರು? ಫ್ರೆಂಚರು, ಇಟಲಿಯವರು. ಅಂದ್ರೆ ಗಾಡಿ ಜಪಾನಿನದು, ಸವಾರ ಯುರೋಪಿನವನು. ಜಪಾನಿನವನೇ ಚಕ್ರ ಹಿಡಿದು ಡಕಾರ್ ಗೆಲ್ಲಲು 1997ರವರೆಗೆ ಕಾಯಬೇಕಾಯಿತು. ಅವನ ಹೆಸರು ಕೆಂಜಿರೋ ಶಿನೋಜುಕಾ. ಮಿತ್ಸುಬಿಷಿ ಕಂಪನಿಯ ನೌಕರ. ಡಕಾರ್‌ಗೆ ಮೊದಲ ಸಲ ಹೋಗಿದ್ದು 1986ರಲ್ಲಿ. 1987ರಲ್ಲಿ ಮೂರನೇ ಸ್ಥಾನ, 1988ರಲ್ಲಿ ಎರಡನೇ ಸ್ಥಾನ. ಇನ್ನೇನು ಗೆದ್ದೇಬಿಟ್ಟ ಅಂದುಕೊಂಡರೆ ಮತ್ತೆ ಒಂಬತ್ತು ವರ್ಷ ಬೇಕಾಯಿತು. ಕೊನೆಗೆ ಪಜೆರೋ ಕಾರಿನಲ್ಲಿ ಗೆದ್ದಾಗ ವಯಸ್ಸು 48! ಅವನು ಹಾಕಿದ ಹಾದಿಯಲ್ಲಿ ಹಿರೋಶಿ ಮಸುವೋಕಾ 2002 ಮತ್ತು 2003ರಲ್ಲಿ ಎರಡು ವರ್ಷ ಸತತವಾಗಿ ಗೆದ್ದ. ಶಿನೋಜುಕಾ 2024ರಲ್ಲಿ ತೀರಿಕೊಂಡ.

ಇದರಲ್ಲಿ ಗಮನಿಸಬೇಕಾದದ್ದು ಏನು? ಮೊದಲು ಗಾಡಿ ಬರುತ್ತೆ. ಆಮೇಲೆ ತಂಡ ಬರುತ್ತೆ. ಸವಾರ ತಯಾರಾಗುವುದು ಕೊನೆಗೆ, ಅದೂ ಕಂಪನಿ ಅವನ ಬೆನ್ನಿಗೆ ಹತ್ತು ವರ್ಷ ನಿಂತರೆ. ಒಂದು ಸೋಲಿಗೆ ಕೈಬಿಟ್ಟಿದ್ದರೆ ಶಿನೋಜುಕಾ ಅನ್ನುವ ಹೆಸರೇ ಇರುತ್ತಿರಲಿಲ್ಲ.

ನಮ್ಮಲ್ಲಿ ಆಗಿದ್ದೂ ಹೆಚ್ಚು ಕಡಿಮೆ ಇದೇ, ಆದರೆ ಸ್ವಲ್ಪ ತಿರುಗಾಮುರುಗಾ. ಸಂತೋಷ್ ಮೊದಲು ಒಬ್ಬಂಟಿಯಾಗಿ ಹೋದರು. 2016ರಲ್ಲಿ ಮತ್ತೆ ಹೋದರು, ಮುಗಿಸಲಾಗಲಿಲ್ಲ. 2017ರ ಡಕಾರ್‌ಗೆ ಹೀರೊ ಕಂಪನಿ ಜರ್ಮನಿಯ ತಂತ್ರಜ್ಞರ ಜೊತೆ ಸೇರಿ ಕಟ್ಟಿದ ತನ್ನದೇ ತಂಡ ಕಳಿಸಿತು. ಆ ತಂಡದಲ್ಲಿ ಸಂತೋಷ್. ಆ ವರ್ಷ 47ನೇ ಸ್ಥಾನ, 2018ರಲ್ಲಿ 34. ಈ ಕಡೆ ಹೊಸೂರಿನ ಟಿವಿಎಸ್, ಫ್ರೆಂಚ್ ಕಂಪನಿ ಶೆರ್ಕೊ ಜೊತೆ ಕೈಜೋಡಿಸಿತ್ತು. ಅದರ ಸವಾರ ನಮ್ಮ ಉಡುಪಿಯ ಕೆ. ಪಿ. ಅರವಿಂದ್. ಎರಡು ಸಲ ಅರ್ಧಕ್ಕೇ ನಿಂತು, ಮೂರನೇ ಸಲ, 2019ರಲ್ಲಿ, 37ನೇ ಸ್ಥಾನದಲ್ಲಿ ಓಟ ಮುಗಿಸಿದರು. ಇದೇ ಅರವಿಂದ್ 2021ರಲ್ಲಿ ಬಿಗ್ ಬಾಸ್ ಮನೆಗೆ ಹೋಗಿ ರನ್ನರ್ ಅಪ್ ಆದಾಗ ಕರ್ನಾಟಕಕ್ಕೆಲ್ಲ ಪರಿಚಯವಾದರು. ಎರಡು ವಾರ ಮರಳಿನಲ್ಲಿ ಸತ್ತು ಬದುಕಿ ಬಂದಾಗ ಸಿಗದ ಹೆಸರು ಒಂದು ಮನೆಯೊಳಗೆ ಕೂತಾಗ ಸಿಕ್ಕಿತು. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

2019ರಲ್ಲೇ ಇನ್ನೊಂದು ದೊಡ್ಡ ಕೆಲಸ ಆಯಿತು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮೋಟಾರ್ ಕ್ರೀಡೆಯಲ್ಲಿ ಭಾರತೀಯರೊಬ್ಬರು ಗೆದ್ದ ಮೊದಲ ವಿಶ್ವ ಪ್ರಶಸ್ತಿ ಅದು. ಅದರ ಹಿಂದಿನ ವರ್ಷವಷ್ಟೇ ಸ್ಪೇನ್‌ನ ರೇಸಿನಲ್ಲಿ ಬಿದ್ದು ಹೊಟ್ಟೆಯೊಳಗೆ ತೀವ್ರ ಗಾಯ ಮಾಡಿಕೊಂಡಿದ್ದ ಹುಡುಗಿ ಆಕೆ.

ಹುಲಿ ಸವಾರಿಯ ಬೆಲೆ ಏನು ಅಂತ ಕೇಳಿದಿರಾ? ಅದನ್ನೂ ಹೇಳಲೇಬೇಕು.

2015ರಲ್ಲಿ ಸಂತೋಷ್ 36ನೆಯವರಾದ ಓಟದಲ್ಲಿ ಎರಡನೇ ಸ್ಥಾನ ಪಡೆದವನು ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವಿಸ್. ಆಮೇಲೆ ಅದೇ ಮನುಷ್ಯ ಹೀರೊ ತಂಡಕ್ಕೆ ಬಂದ, ಸಂತೋಷ್ ಜೊತೆಗಾರನಾದ. 2020ರ ಜನವರಿ 12ರಂದು ಸೌದಿ ಮರುಭೂಮಿಯಲ್ಲಿ ಬಿದ್ದು ತೀರಿಕೊಂಡ. ವಯಸ್ಸು 40. ಅವನ ಭಾವಮೈದುನ ಜೋಕಿಮ್ ರೋಡ್ರಿಗಸ್ ಕೂಡ ಅದೇ ತಂಡದ ಸವಾರ. ಇಡೀ ತಂಡ ಓಟದಿಂದ ಹಿಂದೆ ಸರಿಯಿತು.

ಮುಂದಿನ ವರ್ಷ ಬೈಕ್ ಸವಾರರೆಲ್ಲ ಏರ್‌ಬ್ಯಾಗ್ ಇರುವ ಜಾಕೆಟ್ ತೊಡಬೇಕು ಅನ್ನುವ ನಿಯಮ ಬಂತು. ಅದೇ 2021ರ ಜನವರಿ 6. ನಾಲ್ಕನೇ ಹಂತ, ರಿಯಾದ್‌ನ ಕಡೆಗೆ ಹೋಗುವ ದಾರಿ. ಸಂತೋಷ್ ಬಿದ್ದರು. ತಲೆಗೆ ಪೆಟ್ಟು, ಬಲಭುಜದ ಕೀಲು ತಪ್ಪಿತ್ತು. ಹೆಲಿಕಾಪ್ಟರ್‌ನಲ್ಲಿ ರಿಯಾದ್ ಆಸ್ಪತ್ರೆಗೆ ಸಾಗಿಸಿದರು. ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿ ಇರಿಸಿದರು. ಬೆಂಗಳೂರಿನಲ್ಲಿ ಅವರ ಮನೆಯವರಿಗೆ ಆ ದಿನಗಳು ಹೇಗಿದ್ದಿರಬೇಕು, ಯೋಚನೆ ಮಾಡಿ. ಕೊನೆಗೆ ಪ್ರಜ್ಞೆ ಬಂತು, ದೇಶಕ್ಕೆ ಕರೆತಂದರು. ಹುಲಿಯಿಂದ ಜೀವಂತ ಇಳಿದು ಬಂದ ಪುಣ್ಯಾತ್ಮ!

ಈಗ ಲೆಕ್ಕ ಹಾಕೋಣ. ಮೂವತ್ತಾರನೆಯವನ ಹಿಂದಿನಿಂದ ಏನು ಬಂತು? 2022ರಲ್ಲಿ ರೋಡ್ರಿಗಸ್ ಡಕಾರ್‌ನ ಒಂದು ಹಂತ ಗೆದ್ದ. ಭಾರತದ ಕಂಪನಿಯೊಂದಕ್ಕೆ ಅಂಥ ಗೆಲುವು ಅದೇ ಮೊದಲು. 2024ರಲ್ಲಿ ಬೋಟ್ಸ್‌ವಾನಾದ ರಾಸ್ ಬ್ರಾಂಚ್ ಹೀರೊ ಬೈಕ್ ಏರಿ ಇಡೀ ಡಕಾರ್‌ನಲ್ಲಿ ಎರಡನೆಯವನಾದ. ಅದೇ ವರ್ಷ ಕೇರಳದ ಹರಿತ್ ನೋವಾ 11ನೇ ಸ್ಥಾನಕ್ಕೆ ಬಂದು, ರ‍್ಯಾಲಿ-2 ವಿಭಾಗ ಗೆದ್ದ. ಮೂವತ್ತಾರರಿಂದ ಹನ್ನೊಂದಕ್ಕೆ, ಒಂಬತ್ತು ವರ್ಷದಲ್ಲಿ. ಗಾಡಿ ನಮ್ಮದು, ಸವಾರ ಹೊರಗಿನವನು ಅನ್ನುವ ಜಪಾನಿನ ಹಂತದಲ್ಲಿ ನಾವೀಗ ನಿಂತಿದ್ದೇವೆ. ನಮ್ಮವನೇ ಗೆಲ್ಲುವ ದಿನಕ್ಕೆ ಬೇಕಿರುವುದು ಇನ್ನಷ್ಟು ತಾಳ್ಮೆ.

ಕೊನೆಯದಾಗಿ ಒಂದು ಮಾತು, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ, ನಿಮ್ಮೂರಿನ ಬೈಪಾಸಿನಲ್ಲಿ ಸಂಜೆ ಹೊತ್ತು ವ್ಹೀಲಿಂಗ್ ಮಾಡುವ ಹುಡುಗರಿಗೆ. ಹೆಲ್ಮೆಟ್ ಇಲ್ಲದೆ, ಎದುರಿಗೆ ಬರುವ ಟ್ರ್ಯಾಕ್ಟರ್ ಪಕ್ಕದಲ್ಲಿ ಮುಂದಿನ ಚಕ್ರ ಎತ್ತುವುದು ರೇಸ್ ಅಲ್ಲ ಕಣ್ರಪ್ಪಾ. ರೇಸ್ ಮಾಡುವವನು ತಲೆಯಿಂದ ಕಾಲಿನವರೆಗೆ ಕವಚ ತೊಡುತ್ತಾನೆ. ವರ್ಷಗಟ್ಟಲೆ ಬೀಳುವುದನ್ನು ಕಲಿಯುತ್ತಾನೆ. ರಸ್ತೆಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತು ಹೋಗುವ ಅಜ್ಜಿಯ ಜೀವ ಪಣಕ್ಕಿಡುವುದಿಲ್ಲ. ನಿಜವಾಗಲೂ ಆಸೆಯಿದ್ದರೆ ಕೋಲಾರ ಜಿಲ್ಲೆಗೆ ಹೋಗಿ. ಅಲ್ಲಿ ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. ಮಣ್ಣಿನ ಮೇಲೆ ಬೈಕ್ ಹೇಗೆ ಹಿಡಿಯಬೇಕು, ಹೇಗೆ ನಿಲ್ಲಬೇಕು ಅಂತ ಅಲ್ಲಿ ಕಲಿಸುತ್ತಾರೆ.

ಅಪ್ಪಂದಿರಿಗೂ ಒಂದು ಮಾತು. ಮಗ ಆಸೆಪಟ್ಟಿದ್ದು ಬೈಕ್ ಅಂತ ಬೈಯುವ ಮೊದಲು ಅವನಿಗೆ ಒಂದು ಒಳ್ಳೆ ಹೆಲ್ಮೆಟ್ ಕೊಡಿಸಿ. ಓಟದಲ್ಲಿ ಎಷ್ಟನೆಯವನಾಗಿ ಬಂದ ಅಂತ ಆಮೇಲೆ ಕೇಳಬಹುದು. ಮನೆಗೆ ಬಂದನಲ್ಲ, ಅದು ಮೊದಲು.